ಚೊಗರಿನ ಕಲೆ ಕಾಣುತ್ತೆ, ಔಷಧಿಯ ಕಲೆ ಕಾಣಲ್ಲ

ಹೋದ ಮಳೆಗಾಲದಲ್ಲಿ ನನ್ನ ಹೆಂಡತಿ ಎರಡನೇ ಬಾಣಂತನಕ್ಕೆ ತವರಿಗೆ ಹೋದಳು. ಮನೆಯಲ್ಲಿ ಉಳಿದವರು ಅಮ್ಮ, ನಾನು, ಮೂರನೇ ಕ್ಲಾಸಿನ ಮಗಳು. ಅಮ್ಮನಿಗೆ ಮಂಡಿನೋವು, ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ನಿಲ್ಲೋಕಾಗಲ್ಲ. ಹೀಗಾಗಿ ಜೂನ್‌ನಿಂದ ನವೆಂಬರ್‌ವರೆಗೆ ಮನೆಯ ಬಟ್ಟೆ ಪೂರ್ತಿ ನನ್ನ ಪಾಲಿಗೆ ಬಂತು. ಮನೇಲಿ ಸೆಮಿ ಆಟೋಮ್ಯಾಟಿಕ್ ಮಷೀನ್ ಇದೆ, ಇದೇನು ದೊಡ್ಡ ಕೆಲಸ ಅಂದುಕೊಂಡಿದ್ದೆ. ಎರಡೇ ವಾರದಲ್ಲಿ ಮಗಳ ಬಿಳಿ ಅಂಗಿ ಹಳದಿ ಆಯ್ತು, ನನ್ನ ಪಂಚೆ ಮೇಲೆ ಕಪ್ಪು ಕಲೆ ಕೂತಿತು, ಕ್ಯಾನ್ವಾಸ್ ಶೂ ಬೂಸಲು ಹಿಡಿಯಿತು. ಇವೆಲ್ಲ ಸಣ್ಣ ವಿಷಯ. ಜುಲೈನಲ್ಲಿ ಆದದ್ದು ಸಣ್ಣದಲ್ಲ, ಅದನ್ನು ಮುಂದೆ ಹೇಳ್ತೀನಿ.

ಪ್ರತಿ ವಾರ ಇಲ್ಲಿ ಬೆಳೆ, ಗೊಬ್ಬರ, ರೋಗದ ಬಗ್ಗೆ ಓದ್ತೀರಿ. ಈ ವಾರ ಬಟ್ಟೆ ಬಗ್ಗೆ ಓದಿ. ತೋಟ, ಗದ್ದೆಯಲ್ಲಿ ನಾವು ಏನು ಮಾಡ್ತೀವೋ ಅದರ ಅರ್ಧ ನಮ್ಮ ಅಂಗಿ ಮೇಲೆ ಕೂತು ಮನೆಗೆ ಬರುತ್ತೆ. ಅದನ್ನು ತೊಳೆಯೋರು ಯಾರು, ಹೇಗೆ ತೊಳೀತಾರೆ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ? ನಾನಂತೂ ಆರು ವರ್ಷ ನೋಡಿರಲಿಲ್ಲ.

ಮೊದಲ ತಪ್ಪು: ಎಲ್ಲದಕ್ಕೂ ಒಂದೇ ಸೋಪು

ನಮ್ಮದು ಶಿವಮೊಗ್ಗ ಜಿಲ್ಲೆಯ ಮಲೆನಾಡು ಕಡೆ. ಎರಡು ಎಕರೆ ಅಡಿಕೆ, ನಡುವೆ ಬಾಳೆ, ಮೇಲಿನ ಖುಷ್ಕಿಯಲ್ಲಿ ಅರ್ಧ ಎಕರೆ ಶುಂಠಿ. ಅಡಿಕೆ ಮನೆ ಅಂದಮೇಲೆ ಚೊಗರು ಇದ್ದೇ ಇರುತ್ತೆ. ಹಸಿ ಅಡಿಕೆ ಸುಲಿದ ಮೇಲೆ ಬೆರಳು ಕಪ್ಪಾಗೋದು ನಮಗೆಲ್ಲ ಗೊತ್ತು. ಆದರೆ ಯಾಕೆ ಕಪ್ಪಾಗುತ್ತೆ? ಅಡಿಕೆಯಲ್ಲಿ ಟ್ಯಾನಿನ್ ಅನ್ನೋ ಒಗರಿನ ಅಂಶ ಇದೆ. ಅದಕ್ಕೆ ಮೆಟ್ಟುಗತ್ತಿಯ ಕಬ್ಬಿಣ ಸೇರಿದಾಗ ಕಪ್ಪು ಬಣ್ಣ ಹುಟ್ಟುತ್ತೆ. ಹಿಂದಿನ ಕಾಲದಲ್ಲಿ ಕಪ್ಪು ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ, ಒಗರಿನ ಕಾಯಿ ಮತ್ತು ಕಬ್ಬಿಣ ಸೇರಿಸಿ. ಅಂದರೆ ನಿಮ್ಮ ಪಂಚೆ ಮೇಲೆ ಬಿದ್ದದ್ದು ಬರೀ ಕೊಳೆ ಅಲ್ಲ, ಬಣ್ಣ. ನಮ್ಮ ಜಿಲ್ಲೆಯ ಹೆಗ್ಗೋಡು ಪಕ್ಕದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯವರು ಇದೇ ಅಡಿಕೆ ಚೊಗರಿನಲ್ಲಿ ಕೈಮಗ್ಗದ ನೂಲಿಗೆ ಬಣ್ಣ ಹಾಕ್ತಾರೆ. ಅವರು ಹಣ ಕೊಟ್ಟು ಕೂರಿಸೋ ಬಣ್ಣವನ್ನು ನಾವು ಪುಕ್ಕಟೆ ಕೂರಿಸಿಕೊಂಡು ಪರದಾಡ್ತೀವಿ.

ನಾನು ಮಾಡಿದ್ದು ಏನು? ಕಲೆ ಕಂಡ ತಕ್ಷಣ ಬಟ್ಟೆ ಸೋಪಿನ ಬಿಲ್ಲೆ ತಗೊಂಡು ಉಜ್ಜಿದೆ. ಕಂದು ಇದ್ದದ್ದು ಇನ್ನೂ ಗಾಢ ಆಯ್ತು. ಜಗಲಿಯಲ್ಲಿ ಕೂತಿದ್ದ ಅಮ್ಮ ನೋಡಿ, "ಎಂತ ಮಾಡ್ತಿದೀಯ ಮಾರಾಯ, ಚೊಗರಿಗೆ ಸೋಪು ಹಾಕ್ತಾರನೋ? ಹುಳಿ ಹಾಕು ಮೊದ್ಲು" ಅಂದರು. ಅಮ್ಮನಿಗೆ ರಸಾಯನಶಾಸ್ತ್ರ ಗೊತ್ತಿಲ್ಲ, ಆದರೆ ಅವರು ಹೇಳಿದ್ದು ಸರಿ. ಸೋಪಿನ ಕ್ಷಾರ ಒಗರಿನ ಕಲೆಯನ್ನು ಗಾಢ ಮಾಡುತ್ತೆ. ಹುಳಿ ಅದನ್ನು ಸಡಿಲ ಮಾಡುತ್ತೆ.

ಚೊಗರು, ಟೀ, ಗೇರುಹಣ್ಣಿನ ರಸ, ನೇರಳೆ ಹಣ್ಣು ಈ ಜಾತಿಯ ಕಲೆಗೆಲ್ಲ ಒಂದೇ ಕ್ರಮ. ಮೊದಲು ತಣ್ಣೀರಿನಲ್ಲಿ, ಬಟ್ಟೆಯ ಹಿಂಬದಿಯಿಂದ ನೀರು ಬಿಟ್ಟು ಜಾಲಿಸಿ. ಆಮೇಲೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಡಿ. ಮತ್ತೆ ಜಾಲಿಸಿ. ಕೊನೆಗೆ ಲಿಕ್ವಿಡ್ ಡಿಟರ್ಜೆಂಟ್. ಬಿಳಿ ಹತ್ತಿ ಬಟ್ಟೆಯಲ್ಲಿ ಕಬ್ಬಿಣ ಸೇರಿ ಕಪ್ಪಾದ ಕಲೆ ಇದ್ದರೆ ನಿಂಬೆರಸಕ್ಕೆ ಪುಡಿ ಉಪ್ಪು ಸೇರಿಸಿ ಹಚ್ಚಿ ಬಿಸಿಲಲ್ಲಿ ಇಡಿ, ಎರಡು ಮೂರು ಸಲ ಮಾಡಬೇಕಾಗುತ್ತೆ. ಬಣ್ಣದ ಬಟ್ಟೆ ಆದರೆ ಒಳಗಿನ ಹೊಲಿಗೆ ಹತ್ತಿರ ಒಂದು ತೊಟ್ಟು ಹಾಕಿ ನೋಡಿ, ಬಟ್ಟೆಯ ಬಣ್ಣವೇ ಹೋದರೆ ಕಷ್ಟ.

ಬಾಳೆಯ ಕಲೆ ಇವೆಲ್ಲಕ್ಕಿಂತ ಹಠಮಾರಿ. ಗೊನೆ ಕಡಿದಾಗ ಸುರಿಯೋ ನೀರು ಅಂಗಿ ಮೇಲೆ ಬಿದ್ದಾಗ ನೀರಿನ ಹಾಗೇ ಕಾಣುತ್ತೆ, ಬಣ್ಣ ಇರಲ್ಲ. ಗಾಳಿ ತಾಗಿ ಸಂಜೆಗೆ ಕಂದಾಗಿ, ಮರುದಿನಕ್ಕೆ ಕಪ್ಪಾಗುತ್ತೆ. ಒಣಗಿ ಕಪ್ಪಾದ ಮೇಲೆ ಅದನ್ನು ಪೂರ್ತಿ ತೆಗೆಯೋ ಉಪಾಯ ನನಗೆ ಸಿಕ್ಕಿಲ್ಲ, ಯಾರಾದರೂ ವಿಡಿಯೋದಲ್ಲಿ ತೋರಿಸಿದರೂ ನಾನು ನಂಬಲ್ಲ. ಬಿದ್ದ ಅರ್ಧ ಗಂಟೆಯೊಳಗೆ ತೋಟದ ಕಪ್ಪಿನಲ್ಲೋ, ಪೈಪಿನ ನೀರಲ್ಲೋ ಚೆನ್ನಾಗಿ ಜಾಲಿಸಿದರೆ ಮುಕ್ಕಾಲು ಹೋಗುತ್ತೆ. ಇಲ್ಲದಿದ್ದರೆ ಬಾಳೆ ಕೆಲಸಕ್ಕೆ ಅಂತಲೇ ಒಂದು ಹಳೇ ಅಂಗಿ ಇಟ್ಟುಕೊಳ್ಳಿ. ಹಲಸಿನ ಮೇಣಕ್ಕೆ ಬೇರೆ ದಾರಿ. ನೀರು ಮುಟ್ಟಿಸಬಾರದು, ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಮೇಣ ಬಿಡಿಸಿ, ಆಮೇಲೆ ಎಣ್ಣೆ ಕಲೆಯನ್ನು ಪಾತ್ರೆ ತೊಳೆಯೋ ಲಿಕ್ವಿಡ್‌ನಿಂದ ತೆಗೀರಿ.

ರಕ್ತ, ಮಣ್ಣು, ಗ್ರೀಸು

ಮಳೆಗಾಲದಲ್ಲಿ ಮಗಳ ಕಾಲುಚೀಲ ಬಿಚ್ಚಿದರೆ ಇಂಬಳ ಕಚ್ಚಿದ ರಕ್ತ. ಇಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶವನ್ನು ಒಳಗೆ ಬಿಡುತ್ತೆ, ಅದಕ್ಕೇ ಅದು ಉದುರಿಹೋದ ಮೇಲೂ ರಕ್ತ ಸುರೀತಾನೇ ಇರುತ್ತೆ. ಬಚ್ಚಲಲ್ಲಿ ಹಂಡೆ ನೀರು ಕಾದಿರುತ್ತಲ್ಲ, ನಾನು ಕಾಲುಚೀಲವನ್ನು ಅದಕ್ಕೇ ಹಾಕಿದೆ. ರಕ್ತದಲ್ಲಿರೋದು ಪ್ರೋಟೀನು, ಮೊಟ್ಟೆ ಬೆಂದ ಹಾಗೆ ಬಿಸಿಗೆ ಬೆಂದು ನೂಲಿಗೆ ಅಂಟಿಕೊಳ್ಳುತ್ತೆ. ರಕ್ತಕ್ಕೆ ಯಾವಾಗಲೂ ತಣ್ಣೀರು, ಜೊತೆಗೆ ಒಂದು ಹಿಡಿ ಉಪ್ಪು. ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಹಿಂಡಿ, ನೀರು ಬದಲಿಸಿ. ಹಾಲು, ಮೊಟ್ಟೆ, ಮಗುವಿನ ವಾಂತಿ ಎಲ್ಲಕ್ಕೂ ಇದೇ ಕ್ರಮ.

ಕೆಂಪು ಮಣ್ಣಿನ ವಿಷಯದಲ್ಲಿ ನಮ್ಮ ಅವಸರವೇ ಶತ್ರು. ಹಸಿ ಕೆಸರನ್ನು ಉಜ್ಜಿದರೆ ಸಣ್ಣ ಕಣಗಳು ನೂಲಿನ ಸಂದಿಗೆ ಇಳಿದುಬಿಡುತ್ತವೆ. ಪೂರ್ತಿ ಒಣಗಲಿ ಬಿಡಿ. ಒಣಗಿದ ಮೇಲೆ ಕೊಡವಿ, ಬ್ರಷ್‌ನಲ್ಲಿ ಉದುರಿಸಿ, ಆಮೇಲೆ ನೀರು. ಮಣ್ಣು ಕೆಂಪಗಿರೋದೇ ಕಬ್ಬಿಣದ ತುಕ್ಕಿನಿಂದ. ಆದ್ದರಿಂದ ತೊಳೆದ ಮೇಲೂ ಉಳಿಯೋ ಹಳದಿ ಛಾಯೆಗೆ ಮತ್ತೆ ನಿಂಬೆಯೇ ಕೆಲಸ ಮಾಡುತ್ತೆ. ಬ್ಲೀಚ್ ಅಲ್ಲ.

ಈ ಬ್ಲೀಚ್ ವಿಷಯದಲ್ಲೇ ಮಗಳ ಬಿಳಿ ಅಂಗಿ ಹಾಳಾಗಿದ್ದು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸಿಂಕಿನ ಮೇಲೆ ತುಕ್ಕಿನ ಗೆರೆ ಬಂದಿದೆ. ನಿಮ್ಮ ಮನೆಯಲ್ಲೂ ಹಾಗೆ ಇದ್ದರೆ ಗಮನಿಸಿ. ಅಂಥ ನೀರಿಗೆ ಬ್ಲೀಚ್ ಹಾಕಿದರೆ ಕರಗಿದ ಕಬ್ಬಿಣ ತುಕ್ಕಾಗಿ ಬಟ್ಟೆ ಮೇಲೆ ಕೂರುತ್ತೆ. ಬಿಳಿ ಮಾಡೋಕೆ ಹೋಗಿ ಹಳದಿ ಆಗುತ್ತೆ. ಮಲೆನಾಡಿನವರಿಗೆ ಒಂದು ಭಾಗ್ಯ ಇದೆ, ಮಳೆನೀರು. ಹೆಂಚಿನ ಸೂರಿನಿಂದ ಬೀಳೋ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಬಿಳಿ ಬಟ್ಟೆಗೆ ಬಳಸಿ. ಮೊದಲ ಮಳೆಯ ನೀರು ಬೇಡ, ಅದರಲ್ಲಿ ಹೆಂಚಿನ ಧೂಳೆಲ್ಲ ಇರುತ್ತೆ. ಆಮೇಲಿನ ನೀರು ಮೃದು, ಅರ್ಧ ಸೋಪಿಗೇ ನೊರೆ ಬರುತ್ತೆ.

ಟಿಲ್ಲರ್, ಪಂಪ್‌ಸೆಟ್ ಗ್ರೀಸಿಗೆ ಮೊದಲು ನೀರು ಹಾಕಬೇಡಿ. ಅಕ್ಕಿಹಿಟ್ಟು ಅಥವಾ ಸೀಮೆಸುಣ್ಣದ ಪುಡಿ ಉದುರಿಸಿ ಎಣ್ಣೆ ಹೀರಿಸಿ, ಕೊಡವಿ, ಪಾತ್ರೆ ತೊಳೆಯೋ ಲಿಕ್ವಿಡ್ ಹಚ್ಚಿ ಉಜ್ಜಿ, ಆಮೇಲೆ ಬಿಸಿನೀರು. ಪೆಟ್ರೋಲ್ ಹಾಕಿ ಉಜ್ಜೋ ಅಭ್ಯಾಸ ನಮ್ಮ ಹುಡುಗರಿಗಿದೆ. ಆ ಬಟ್ಟೆಯನ್ನು ಮಷೀನಿಗೆ ಹಾಕಿದರೆ ಬೆಂಕಿ ಹತ್ತೋ ಅಪಾಯ ಇದೆ, ಬಚ್ಚಲೊಲೆ ಹತ್ತಿರ ಉಜ್ಜಿದರಂತೂ ಕೇಳೋದೇ ಬೇಡ.

ಯೂನಿಫಾರ್ಮ್ ಜೇಬಿನ ಬಾಲ್‌ಪೆನ್ ಶಾಯಿಗೆ, ಹುಲ್ಲಿನ ಹಸಿರು ಕಲೆಗೆ ಕೋವಿಡ್ ಕಾಲದಲ್ಲಿ ತಂದು ಮೂಲೆಗೆ ಹಾಕಿದ ಸ್ಯಾನಿಟೈಸರ್ ಇದ್ದರೆ ಈಗ ತೆಗೀರಿ. ಕಲೆಯ ಕೆಳಗೆ ಹಳೇ ಬಟ್ಟೆ ಇಟ್ಟು ಮೇಲಿಂದ ಒತ್ತಿ, ಶಾಯಿ ಕೆಳಗಿನ ಬಟ್ಟೆಗೆ ಇಳಿಯುತ್ತೆ. ಅರಿಶಿನದ ಕಲೆಗೆ ಸೋಪು ಹಾಕಿದ ಕೂಡಲೇ ಕೆಂಪಾದರೆ ಹೆದರಬೇಡಿ, ಅದು ಕ್ಷಾರಕ್ಕೆ ಬಣ್ಣ ಬದಲಿಸುತ್ತೆ ಅಷ್ಟೆ. ತೊಳೆದು ಬಿಸಿಲಿಗೆ ಹಾಕಿ, ಅರಿಶಿನಕ್ಕೆ ಬಿಸಿಲಿಗಿಂತ ಒಳ್ಳೆ ಮದ್ದಿಲ್ಲ.

ಇನ್ನೊಂದು. ರೀಲ್ಸ್‌ನಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸಿ ತೋರಿಸ್ತಾರಲ್ಲ, ನೋಡೋಕೆ ಚೆಂದ. ಹುಳಿ ಮತ್ತು ಸೋಡಾ ಒಂದನ್ನೊಂದು ಕೊಂದು ಉಳಿಯೋದು ಬಹುಪಾಲು ಉಪ್ಪುನೀರು. ಬೇರೆ ಬೇರೆಯಾಗಿ ಹಾಕಿದರೆ ಎರಡಕ್ಕೂ ಕೆಲಸ ಇದೆ. ಆದರೆ ಬ್ಲೀಚಿಂಗ್ ಪೌಡರಿಗೋ, ಲಿಕ್ವಿಡ್ ಬ್ಲೀಚಿಗೋ ವಿನೆಗರ್, ನಿಂಬೆ, ಟಾಯ್ಲೆಟ್ ತೊಳೆಯೋ ಆ್ಯಸಿಡ್ ಇವ್ಯಾವುದನ್ನೂ ಸೇರಿಸಲೇಬಾರದು. ಕ್ಲೋರಿನ್ ವಿಷಗಾಳಿ ಏಳುತ್ತೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಬೋರ್ಡೋ ನೀಲಿ

ಕೊಳೆರೋಗಕ್ಕೆ ಮಳೆ ಶುರುವಾಗೋ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ಹೊಡೀತೀವಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಮಳೆಗೆ ತೊಳೆದುಹೋಗದ ಹಾಗೆ ರಾಳದ ಅಂಟು. ಫೈಬರ್ ದೋಟಿ ಬಂದಮೇಲೆ ಮರ ಹತ್ತೋದು ತಪ್ಪಿದೆ, ಆದರೆ ಕೆಳಗೆ ನಿಂತು ಹೊಡೆಯುವಾಗ ಗೊನೆಯಿಂದ ಸೋರಿದ್ದೆಲ್ಲ ನಮ್ಮ ಕುತ್ತಿಗೆ, ಭುಜದ ಮೇಲೇ. ಅಂಗಿ ಒಣಗಿದರೆ ತಗಡಿನ ಹಾಗೆ ಗಟ್ಟಿ.

ಈ ನೀಲಿಗೆ ಸೋಪು ಮುಟ್ಟಿಸಿದರೆ ಏನೂ ಆಗಲ್ಲ. ಯಾಕೆ ಅಂತ ಬೋರ್ಡೋ ಮಾಡೋರಿಗೆ ಸುಲಭವಾಗಿ ಅರ್ಥ ಆಗುತ್ತೆ. ದ್ರಾವಣ ಸರಿಯಾಗಿದೆಯಾ ಅಂತ ನೋಡೋಕೆ ಕಬ್ಬಿಣದ ಕತ್ತಿ ಅದ್ದಿ ನೋಡ್ತೀವಲ್ಲ? ಕತ್ತಿ ಮೇಲೆ ಕೆಂಪು ತಾಮ್ರ ಕೂತರೆ ಹುಳಿ ಉಳಿದಿದೆ, ಇನ್ನೂ ಸುಣ್ಣ ಬೇಕು ಅಂತ ಲೆಕ್ಕ. ಸುಣ್ಣ ಸೇರಿದಾಗ ತಾಮ್ರ ಕರಗದ ನೀಲಿ ಹುಡಿಯಾಗುತ್ತೆ, ಅದೇ ಎಲೆಗೆ, ಕಾಯಿಗೆ, ಅಂಗಿಗೆ ಅಂಟೋದು. ಹಾಗಾದರೆ ಬಿಡಿಸಬೇಕಾದರೆ ಉಲ್ಟಾ ಮಾಡಬೇಕು, ಹುಳಿ ಹಾಕಿ ಕರಗಿಸಬೇಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಒಂದು ಲೋಟ ವಿನೆಗರ್ ಅಥವಾ ಗಟ್ಟಿ ಹುಣಸೆ ನೀರು, ಅದರಲ್ಲಿ ಅಂಗಿ ಅರ್ಧ ಗಂಟೆ ನೆನೆಯಲಿ. ಕಬ್ಬಿಣದ ಬಕೆಟ್ ಬೇಡ, ಮಷೀನೂ ಬೇಡ. ನೀಲಿ ನೀರಿಗೆ ಇಳಿಯೋದು ಕಣ್ಣಿಗೇ ಕಾಣುತ್ತೆ. ಎರಡು ಸಲ ಜಾಲಿಸಿ, ಆಮೇಲೆ ರಾಳದ ಅಂಟಿಗೆ ಬಿಸಿನೀರು ಮತ್ತು ಡಿಟರ್ಜೆಂಟ್. ಕೈಗೆ ರಬ್ಬರ್ ಗ್ಲೌಸ್ ಇರಲಿ, ಮೈಲುತುತ್ತ ಚರ್ಮಕ್ಕೂ ಕಣ್ಣಿಗೂ ಒಳ್ಳೇದಲ್ಲ.

ಬೋರ್ಡೋದ್ದು ಒಂದು ಗುಣ, ಅದು ಕಾಣುತ್ತೆ. ಕಂಡದ್ದನ್ನು ತೊಳೀತೀವಿ. ಕಾಣದಿರೋದೇ ನನ್ನ ಕೈಕೊಟ್ಟಿದ್ದು.

ಜುಲೈನಲ್ಲಿ ಆದದ್ದು

ಶುಂಠಿಗೆ ಕಾಂಡ ಕೊರೆಯೋ ಹುಳು ಬಂತು. ಅಂಗಡಿಯಿಂದ ತಂದ ಔಷಧಿ ಹೊಡೆದೆ. ನೋಡಿ, ನಾವು ವಿಷಕ್ಕೆ 'ಔಷಧಿ' ಅಂತೀವಿ. ಹಾಗೆ ಕರೆದೂ ಕರೆದೂ ಭಯ ಹೋಗಿದೆ. ಬೆನ್ನಿನ ಪಂಪಿನ ಮುಚ್ಚಳ ಸ್ವಲ್ಪ ಸೋರುತ್ತಿತ್ತು, ಅಂಗಿಯ ಬೆನ್ನು ಒದ್ದೆಯಾಯ್ತು. ಮನೆಗೆ ಬಂದೆ, ಸ್ನಾನ ಮಾಡಿದೆ, ಅಂಗಿ ಪ್ಯಾಂಟನ್ನು ಬಚ್ಚಲ ಮೂಲೆಯ ಬಟ್ಟೆ ರಾಶಿಗೆ ಎಸೆದೆ. ಆರು ವರ್ಷದಿಂದ ಹೀಗೇ ಮಾಡ್ತಿದ್ದೆ. ಮರುದಿನ ರಾಶಿಯನ್ನು ಪೂರ್ತಿ ಎತ್ತಿ ಮಷೀನಿಗೆ ಹಾಕಿದೆ. ಅದರಲ್ಲಿ ಮಗಳ ಯೂನಿಫಾರ್ಮೂ ಇತ್ತು.

ಒಣಗಿದ ಮೇಲೆ ಯೂನಿಫಾರ್ಮಿನಲ್ಲಿ ಸಣ್ಣ ವಾಸನೆ ಇತ್ತು. ಮಳೆಗಾಲದ ಮುಗ್ಗಲು ವಾಸನೆ ಅಂದುಕೊಂಡು ಇಸ್ತ್ರಿ ಮಾಡಿ ಕಳಿಸಿದೆ. ಸಂಜೆ ಬಂದವಳು "ಅಪ್ಪಾ, ಕುತ್ತಿಗೆ ಉರೀತಿದೆ" ಅಂದಳು. ಕಾಲರ್ ತಾಗೋ ಜಾಗದಲ್ಲಿ ಸುತ್ತ ಕೆಂಪಗೆ ದದ್ದು ಎದ್ದಿತ್ತು, ಕಂಕುಳಲ್ಲೂ. ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಅವರು ಹೊಸ ಸೋಪು ಏನಾದರೂ ಹಾಕಿದ್ರಾ ಅಂತ ಕೇಳಿದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ತೋಟಕ್ಕೆ ಏನಾದರೂ ಹೊಡೆದ್ರಾ ಈ ವಾರ?" ಅಂದರು. ನಾನು ಸುಮ್ಮನಾದೆ. ಬಾಟಲಿಯ ಲೇಬಲ್ ತೋರಿಸಿ ಅಂದರು. ಬಾಟಲಿ ಕೊಟ್ಟಿಗೆಯಲ್ಲಿತ್ತು, ಫೋನಿನಲ್ಲಿ ಫೋಟೋ ಇರಲಿಲ್ಲ.

ಮುಲಾಮು ಕೊಟ್ಟರು, ಮೂರು ನಾಲ್ಕು ದಿನಕ್ಕೆ ವಾಸಿಯಾಯ್ತು. ಇದರಿಂದಲೇ ಆಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲ ಅಂದರು, ಆದರೆ ಇನ್ನು ಮುಂದೆ ಆ ಬಟ್ಟೆ ಬೇರೆ ತೊಳೀರಿ ಅಂದರು. ಹೊರಡುವಾಗ ಒಂದು ಪ್ರಶ್ನೆ ಕೇಳಿದರು. "ಮನೇಲಿ ದಿನಾ ಬಟ್ಟೆ ತೊಳೆಯೋರು ಯಾರು?"

ಆ ರಾತ್ರಿ ಹೆಂಡತಿಗೆ ಫೋನ್ ಮಾಡಿದೆ. "ಔಷಧಿ ಹೊಡೆದ ಅಂಗಿ ನೀನು ಹೇಗೆ ತೊಳೀತಿದ್ದೆ?" ಅಂತ ಕೇಳಿದೆ. "ವಾಸನೆ ಹೋಗಲ್ಲ ಅಲ್ವೇನ್ರೀ, ಅದಕ್ಕೆ ಮಷೀನಿಗೆ ಹಾಕ್ತಿರಲಿಲ್ಲ. ಕಲ್ಲ ಮೇಲೆ ಕೈಯಲ್ಲೇ ಉಜ್ಜಿ ಉಜ್ಜಿ ತೊಳೀತಿದ್ದೆ" ಅಂದಳು. ಮಷೀನನ್ನು, ಮಗಳ ಬಟ್ಟೆಯನ್ನು ಅವಳು ಉಳಿಸಿದ್ದಳು. ಬರಿಗೈಯಲ್ಲಿ. ಮೇ ತಿಂಗಳಲ್ಲಿ ಏಳು ತಿಂಗಳ ಬಸುರಿ ಇದ್ದಾಗಲೂ.

ನಾನು ಆಮೇಲೆ ಜಾಸ್ತಿ ಮಾತಾಡಲಿಲ್ಲ. ಮಗು ಆರೋಗ್ಯವಾಗಿ ಹುಟ್ಟಿದೆ, ಅದು ನಮ್ಮ ಅದೃಷ್ಟ. ನನ್ನ ಜಾಣತನ ಏನೂ ಇಲ್ಲ ಅದರಲ್ಲಿ.

ಈಗ ನಾನು ಮಾಡೋ ಕ್ರಮ

ಬಾಟಲಿ ಮುಚ್ಚಳ ತೆಗೆಯೋ ಮೊದಲು ಲೇಬಲ್‌ನ ಎರಡೂ ಬದಿ ಫೋನಿನಲ್ಲಿ ಫೋಟೋ ತೆಗೀತೀನಿ. ಲೇಬಲ್ ಮೇಲೆ ಬಣ್ಣದ ಗುರುತು ಇರುತ್ತೆ, ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ವಿಷ ತಾಗಿದರೆ ಏನು ಮಾಡಬೇಕು, ಡಾಕ್ಟರು ಏನು ಕೊಡಬೇಕು ಅನ್ನೋದೂ ಅದರಲ್ಲೇ ಬರೆದಿರುತ್ತೆ. ಹೊಡೆದ ಮೇಲೆ ವಾಂತಿ, ವಿಪರೀತ ಬೆವರು, ತಲೆಸುತ್ತು, ಕಣ್ಣು ಮಂಜಾಗೋದು ಬಂದರೆ ಕೂಡಲೇ ಬಟ್ಟೆ ಬಿಚ್ಚಿ, ಮೈ ತೊಳೆದು, 108 ಕರೆಯಿರಿ. ಆ ಫೋಟೋ ಆಗ ಬೇಕಾಗುತ್ತೆ.

ಲೇಬಲ್‌ನಲ್ಲಿ ಹೆಸರಿನ ಪಕ್ಕ ಇಸಿ, ಡಬ್ಲ್ಯುಪಿ ಅಂತ ಅಕ್ಷರ ಇರುತ್ತಲ್ಲ, ಅದನ್ನೂ ನೋಡಿ. ಇಸಿ ಅಂದರೆ ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದ್ದು, ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಗ್ರೀಸಿನ ಹಾಗೇ ಅದೂ ನೂಲಿಗೆ ಕಚ್ಚಿಕೊಳ್ಳುತ್ತೆ, ತಣ್ಣೀರಿಗೆ ಜಗ್ಗಲ್ಲ. ಡಬ್ಲ್ಯುಪಿ ಪುಡಿಯಾದ್ದರಿಂದ ತೊಳೆದರೆ ಅದಕ್ಕಿಂತ ಬೇಗ ಹೋಗುತ್ತೆ.

ಹೊಡೆಯೋಕೆ ಒಂದು ಜೊತೆ ತುಂಬುತೋಳಿನ ಅಂಗಿ, ಪ್ಯಾಂಟು ಬೇರೆಯೇ ಇಟ್ಟಿದ್ದೀನಿ. ಅದು ಮನೆಯೊಳಗೆ ಬರೋದೇ ಇಲ್ಲ. ಕೊಟ್ಟಿಗೆ ಪಕ್ಕ ನಲ್ಲಿ ಹತ್ತಿರ ಬಿಚ್ಚಿ, ಮುಚ್ಚಳದ ಬಕೆಟ್ಟಿಗೆ ಹಾಕ್ತೀನಿ. ಕಾಲಿಗೆ ಗಮ್‌ಬೂಟು, ಪ್ಯಾಂಟು ಬೂಟಿನ ಹೊರಗೆ. ಒಳಗೆ ಸಿಕ್ಕಿಸಿದರೆ ಸೋರಿದ್ದೆಲ್ಲ ಬೂಟಿಗೆ ಇಳಿದು ಕಾಲು ಅದರಲ್ಲೇ ನೆನೀತಿರುತ್ತೆ. ಚರ್ಮದ ಶೂ, ಕ್ಯಾನ್ವಾಸ್ ಶೂ ಹಾಕ್ಕೊಂಡು ಹೊಡೆಯಬೇಡಿ, ಅವು ಔಷಧಿ ಹೀರಿದರೆ ತೊಳೆದು ತೆಗೆಯೋಕಾಗಲ್ಲ.

ತೊಳೆಯೋದು ಅದೇ ದಿನ. ಭಾನುವಾರಕ್ಕೆ ಅಂತ ಇಟ್ಟರೆ ದಿನ ಕಳೆದಷ್ಟೂ ಬಿಡಿಸೋದು ಕಷ್ಟ. ರಬ್ಬರ್ ಗ್ಲೌಸ್ ಹಾಕಿ, ಮೊದಲು ಬರೀ ನೀರಲ್ಲಿ ನೆನೆಸಿ ಆ ನೀರು ಚೆಲ್ತೀನಿ. ಆಮೇಲೆ ಬಿಸಿನೀರು, ಜಾಸ್ತಿ ಡಿಟರ್ಜೆಂಟ್, ಕೋಲಿನಲ್ಲಿ ತಿರುವಿ ತೊಳೆದು ಜಾಲಿಸೋದು. ಇದನ್ನೇ ಇನ್ನೊಂದು ಸಲ. ಇಸಿ ಆದರೆ ಎರಡು ಸಲ ಖಂಡಿತ ಬೇಕು. ಬ್ಲೀಚ್ ಹಾಕಿದರೆ ವಿಷ ಹೋಗುತ್ತೆ ಅನ್ನೋದು ತಪ್ಪು ನಂಬಿಕೆ. ವಾಸನೆ ಹೋದರೆ ವಿಷ ಹೋಯ್ತು ಅನ್ನೋದೂ ಅಷ್ಟೇ. ತೊಳೆದ ನೀರನ್ನು ಹಳ್ಳಕ್ಕೆ, ಬಾವಿ ಪಕ್ಕಕ್ಕೆ, ದನ ಕುಡಿಯೋ ಕಡೆ ಬಿಡಬೇಡಿ. ಮೀನು, ಕಪ್ಪೆ ಸತ್ತು ತೇಲಿದಾಗ ಎಲ್ಲಿಂದ ಬಂತು ಅಂತ ಹುಡುಕ್ತೀವಿ. ನಾನು ಔಷಧಿ ಹೊಡೆದ ಶುಂಠಿ ಪಟ್ಟೆಯ ಮೂಲೆಯಲ್ಲೇ ಚೆಲ್ತೀನಿ.

ಒಣಗಿಸೋಕೆ ಬೇರೆ ಹಗ್ಗ. ಬಿಸಿಲಿದ್ದರೆ ಬಿಸಿಲಲ್ಲಿ, ಇಲ್ಲದಿದ್ದರೆ ಕೊಟ್ಟಿಗೆಯ ಮಾಡಿನ ಕೆಳಗೆ ಗಾಳಿಗೆ. ಮಷೀನಿಗೇ ಹಾಕಲೇಬೇಕಾದರೆ ಆ ಬಟ್ಟೆ ಮಾತ್ರ ಹಾಕಿ, ನೀರು ತುಂಬ ಬಿಡಿ, ಆಮೇಲೆ ಬಟ್ಟೆ ಇಲ್ಲದೆ ಬಿಸಿನೀರು, ಡಿಟರ್ಜೆಂಟ್ ಹಾಕಿ ಮಷೀನನ್ನೇ ಒಂದು ಸಲ ತೊಳೀರಿ. ನೀರು ಬೆರೆಸದ ಔಷಧಿ ನೇರವಾಗಿ ಬಟ್ಟೆ ಮೇಲೆ ಚೆಲ್ಲಿದ್ದರೆ ಮಾತ್ರ ಅದನ್ನು ತೊಳೆಯೋ ಪ್ರಯತ್ನವೇ ಬೇಡ. ಬಿಟ್ಟುಬಿಡಿ. ಒರೆಸೋ ಬಟ್ಟೆಯಾಗಿಯೂ ಇಟ್ಟುಕೊಳ್ಳಬೇಡಿ.

ಗಂಜಿಯ ಉಪಾಯ ಒಂದಿದೆ, ಅಮ್ಮ ಕೇಳಿ ಖುಷಿಪಟ್ಟರು. ತೊಳೆದ ಹತ್ತಿ ಬಟ್ಟೆಗೆ ಅನ್ನದ ಗಂಜಿ ಹಾಕಿ ಒಣಗಿಸಿದರೆ, ಮುಂದಿನ ಸಲ ಔಷಧಿ ನೂಲಿಗೆ ಇಳಿಯೋ ಬದಲು ಬಹುಪಾಲು ಗಂಜಿಗೆ ಹಿಡಿಯುತ್ತೆ. ತೊಳೆದಾಗ ಗಂಜಿ ಜೊತೆಗೇ ಹೋಗುತ್ತೆ. ಪ್ರತಿ ತೊಳೆತದ ನಂತರ ಮತ್ತೆ ಗಂಜಿ ಹಾಕಬೇಕು. ಖರ್ಚು ಏನೂ ಇಲ್ಲ.

ಇನ್ನು ಮಕ್ಕಳ ಶೂ

ಸರ್ಕಾರಿ ಶಾಲೆಯಲ್ಲಿ ವರ್ಷಕ್ಕೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಕೊಡ್ತಾರೆ. ಆ ಒಂದೇ ಜೊತೆ ಮಲೆನಾಡಿನ ನಾಲ್ಕು ತಿಂಗಳ ಮಳೆ ತಡೀಬೇಕು. ಒದ್ದೆ ಶೂವನ್ನು ಬಚ್ಚಲೊಲೆ ಮುಂದೆ ಇಡೋದು ನಮ್ಮೆಲ್ಲರ ಮನೆಯ ಪದ್ಧತಿ. ಬೇಗ ಒಣಗುತ್ತೆ ನಿಜ, ಅಂಟು ಬಿಟ್ಟು ಅಟ್ಟೆ ಬಾಯಿ ಬಿಡುತ್ತೆ, ರೆಕ್ಸಿನ್ ಬಿರಿಯುತ್ತೆ. ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗಿನ ಅಟ್ಟೆ ಕೀಳೋ ಹಾಗಿದ್ದರೆ ಕಿತ್ತು ಬೇರೆ ಒಣಗಿಸಿ, ಶೂ ತುಂಬ ಹಳೇ ಪೇಪರ್ ತುರುಕಿ. ರಾತ್ರಿ ಮಲಗೋ ಮುಂಚೆ ಒಮ್ಮೆ ಪೇಪರ್ ಬದಲಿಸಿ. ಬೆಳಿಗ್ಗೆಗೆ ಹಾಕೋ ಹಾಗಾಗುತ್ತೆ. ವಾಸನೆ ಇದ್ದರೆ ಶನಿವಾರ ರಾತ್ರಿ ಒಳಗೆ ಒಂದು ಚಮಚ ಅಡುಗೆ ಸೋಡಾ ಉದುರಿಸಿ, ಭಾನುವಾರ ಕೊಡವಿ.

ಬಿಳಿ ಕ್ಯಾನ್ವಾಸ್ ಶೂಗೆ ಸ್ವಲ್ಪ ತಾಳ್ಮೆ ಬೇಕು. ಲೇಸ್ ಬಿಚ್ಚಿ ಬೇರೆ ನೆನೆಸಿ. ಮಣ್ಣು ಒಣಗಿಸಿ ಬ್ರಷ್‌ನಲ್ಲಿ ಉದುರಿಸಿ. ಅಡುಗೆ ಸೋಡಾ, ಡಿಟರ್ಜೆಂಟ್ ಸಮಪಾಲು ಕಲಸಿ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ, ಹದಿನೈದು ನಿಮಿಷ ಬಿಟ್ಟು ತೊಳೀರಿ. ತೊಳೆದ ಶೂ ಒಣಗಿದಾಗ ಹಳದಿ ಆಗೋದು ಯಾಕೆ ಗೊತ್ತಾ? ಒಳಗೆ ಉಳಿದ ಸೋಪು ನೀರಿನ ಜೊತೆ ಮೇಲೆ ಬಂದು ಅಂಚಿನಲ್ಲಿ ಕೂರುತ್ತೆ. ಅದಕ್ಕೆ ನೊರೆ ಪೂರ್ತಿ ಹೋಗೋವರೆಗೆ ಜಾಲಿಸಿ, ಕೊನೆಯ ನೀರಿಗೆ ಎರಡು ಚಮಚ ವಿನೆಗರ್ ಹಾಕಿ. ಆಮೇಲೆ ಶೂ ಸುತ್ತ ಬಿಳಿ ಟಿಶ್ಯೂ ಪೇಪರ್ ಅಂಟಿಸಿ ನೆರಳಿನಲ್ಲಿ ಒಣಗಿಸಿ. ಹಳದಿ ಟಿಶ್ಯೂಗೆ ಹೋಗುತ್ತೆ, ಶೂ ಬೆಳ್ಳಗೆ ಉಳಿಯುತ್ತೆ. ಬಿಳಿ ಶೂಗೆ ನ್ಯೂಸ್‌ಪೇಪರ್ ತುರುಕಬೇಡಿ, ಶಾಯಿ ಇಳಿಯುತ್ತೆ, ಹಳೇ ಬಿಳಿ ಬಟ್ಟೆ ತುರುಕಿ. ಲೇಸಿಗೆ, ಕಾಲುಚೀಲಕ್ಕೆ ಅಂಟುಪುರಳೆ ಹತ್ತಿದ್ದರೆ ಒಣಗಿದಾಗಲೇ ಹಳೇ ಬಾಚಣಿಗೆಯಿಂದ ಬಾಚಿ ತೆಗೀರಿ, ಒದ್ದೆಯಾದರೆ ಬರಲ್ಲ.

ನಮ್ಮ ಮಗಳು ಶಾಲೆಯಿಂದ ಬಂದವಳು ಶುಂಠಿ ಪಟ್ಟೆಯ ದಾರಿಯಲ್ಲೇ ಓಡಿ ಬರ್ತಾಳೆ, ಅದು ಹತ್ತಿರದ ದಾರಿ. ಎಲೆ ಮೇಲಿನ ಔಷಧಿ ಅವಳ ಶೂಗೆ, ಕಾಲುಚೀಲಕ್ಕೆ ಒರೆಸುತ್ತೆ, ಅದೇ ಶೂ ಜಗಲಿಗೆ ಬರುತ್ತೆ, ಈಗ ಜಗಲಿ ಮೇಲೆ ಚಿಕ್ಕದು ಅಂಬೆಗಾಲಿಡ್ತಿದೆ. ಹಾಗಾಗಿ ಹೊಡೆದ ದಿನ ಆ ದಾರಿಗೆ ಅಡ್ಡ ಒಂದು ದೋಟಿ ಕಟ್ಟಿ, ಅದಕ್ಕೆ ಕೆಂಪು ಬಟ್ಟೆ ನೇತುಹಾಕ್ತೀನಿ. ಲೇಬಲ್‌ನಲ್ಲಿ ಎಷ್ಟು ಹೊತ್ತು ಜಮೀನಿಗೆ ಇಳಿಯಬಾರದು ಅಂತ ಬರೆದಿದ್ದರೆ ಅಷ್ಟು, ಬರೆಯದಿದ್ದರೆ ನಾನು ಎರಡು ದಿನ ಬಿಡ್ತೀನಿ. ಶೂ ಬಿಚ್ಚೋ ಜಾಗ ಮೆಟ್ಟಿಲ ಕೆಳಗೆ.

ಹೆಂಡತಿ ನವೆಂಬರಿನಲ್ಲಿ ವಾಪಸ್ ಬಂದಳು. ಕೊಟ್ಟಿಗೆ ಪಕ್ಕದ ಮುಚ್ಚಳದ ಬಕೆಟ್ಟು, ಬೇರೆ ಹಗ್ಗ, ಗ್ಲೌಸ್ ಎಲ್ಲ ನೋಡಿ, "ಇದೆಲ್ಲ ಯಾರದ್ದು?" ಅಂತ ಕೇಳಿದಳು. ನನ್ನದು ಅಂದೆ. ಔಷಧಿ ಬಟ್ಟೆ ಈಗಲೂ ನಾನೇ ತೊಳೆಯೋದು. ಚೊಗರಿನ ಪಂಚೆ ಮಾತ್ರ ಅವಳಿಗೆ ಒಪ್ಪಿಸಿದ್ದೀನಿ, ಅದರಲ್ಲಿ ಅವಳ ಕೈ ನನಗಿಂತ ಪಳಗಿದೆ.